ಪೂಜೆಗಿಟ್ಟ ಎಂಜಿನ್ನು

“ತಪ್ಪು ನಂದೇ ಸಾರ್, ನಾನೇ ಸ್ಟಾರ್ಟ್ ಮಾಡಿದ್ದು,” ಎಂದು ಅಭಿಜಿತ್ ಬೆಳಗಿನಿಂದ ಇನ್ನೊಂದು ಸಲ ಹೇಳಿದಾಗ ರುದ್ರೇಶನ ಹೊಟ್ಟೆಯೊಳಗೆ ಸಣ್ಣಗೆ ಕಿಚ್ಚೆದ್ದಿತು. ಈ ಮನುಷ್ಯ ಯಾವುದನ್ನೂ ಬೇರೆಯವರಿಗೆ ಬಿಡುವವನಲ್ಲ. ದೋಣಿಯಲ್ಲಿ ಸ್ಟಿಯರಿಂಗಿನ ಪಕ್ಕದ ಜಾಗ ಇವನದು, ನೇತ್ರಾ ಫ್ಲಾಸ್ಕಿನಿಂದ ಬಗ್ಗಿಸುವ ಮೊದಲ ಲೋಟ ಚಹಾ ಇವನದು, ಈಗ ಕೆಟ್ಟು ಕೂತ ಎಂಜಿನ್ನಿನ ತಪ್ಪು ಕೂಡ ಇವನದೇ ಆಗಬೇಕು. ಅವನು ಹಾಗೆಂದಾಗಲೆಲ್ಲ ನೇತ್ರಾ ಮುಖ ಮೃದು ಮಾಡಿಕೊಂಡು, “ಛೇ, ನಿಮ್ಮದೇನು ತಪ್ಪು, ಹಳೇ ಎಂಜಿನ್ ಅಲ್ವಾ, ಇವತ್ತಲ್ಲ ನಾಳೆ ಹೋಗೋದೇ ಇತ್ತು,” ಎನ್ನುತ್ತಾಳೆ. ಆ ಸಮಾಧಾನದ ಮಾತು ನ್ಯಾಯವಾಗಿ ಸಲ್ಲಬೇಕಾದವನು ಬೇರೆ. ಅವನು ಅವರಿಬ್ಬರ ಎದುರಿಗೇ ಕೂತಿದ್ದ. ದಂಡೆಗೆ ಬಿಗಿದು ಕಟ್ಟಿದ, ಎಂಜಿನ್ನು ಸತ್ತ ದೋಣಿಯಲ್ಲಿ ಲೈಫ್ ಜಾಕೆಟ್ಟಿನ ಜಿಪ್ಪನ್ನು ಗಂಟಲತನಕ ಎಳೆದುಕೊಂಡು ಕೂತಿದ್ದ. ತನಗೆ ಸಿಗಬೇಕಾದ ಬೈಗಳನ್ನು ಇನ್ನೊಬ್ಬ ಎತ್ತಿಕೊಂಡು ಅದಕ್ಕೆ ಬದಲಾಗಿ ತನ್ನ ಹೆಂಡತಿಯ ಕರುಣೆಯನ್ನು ಪಡೆಯುತ್ತಿದ್ದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಹ್ಯಾಂಪ್ಟನ್ನಿನ ಹತ್ತಿರ ಥೇಮ್ಸ್ ಅಷ್ಟೇನೂ ಅಗಲವಿಲ್ಲ. ದೀಪಾವಳಿ ಕಳೆದ ಮರುವಾರದ ಶನಿವಾರ. ನೀರಿನ ಮೇಲೆ ಹಳದಿ ಎಲೆಗಳು ತೇಲುತ್ತಿದ್ದವು, ಆಚೆ ದಂಡೆಯ ಬೋಳು ಮರದಲ್ಲಿ ಹಸಿರು ಗಿಳಿಗಳು ಸಂತೆ ನೆರೆದಂತೆ ಕಿರುಚುತ್ತಿದ್ದವು. ಲಂಡನ್ನಿನಲ್ಲಿ ಗಿಳಿ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ವಿಜಯಪುರದ ಟೇಲರ್ ಶರಣಪ್ಪನ ಮಗ, ಕ್ರೋಯ್ಡನ್ನಿನ ಔಷಧದಂಗಡಿಯ ಫಾರ್ಮಸಿಸ್ಟು, ಈಜಲು ಬಾರದವನು, ದೋಣಿ ಕೊಂಡಿದ್ದಾನೆ ಎಂದರಂತೂ ಇನ್ನೂ ನಂಬುವುದಿಲ್ಲ. ಆದರೆ ಆಸೆ ಅವನದೇ. ಮಗಳು ಸ್ಫೂರ್ತಿ ಕಾಲೇಜಿಗೆಂದು ಹೊರಟುಹೋದ ಮೇಲೆ ಫ್ಲ್ಯಾಟಿನಲ್ಲಿ ಗಂಡಹೆಂಡಿರು ಒಬ್ಬರಿಗೊಬ್ಬರು ಪೇಪರು ದಾಟಿಸುತ್ತ ಮುದುಕರಾಗುವುದು ಬೇಡ, ನೀರಿನ ಮೇಲೆ ಇಬ್ಬರೇ ಕೂತು ಚುರುಮುರಿ ತಿನ್ನೋಣ ಎಂಬ ಒಂದು ಚಿತ್ರ ಅವನ ತಲೆಯಲ್ಲಿತ್ತು. ದೋಣಿಯ ಹೆಸರು ಡೊರೀನ್, ಹಿಂದಿನ ಯಜಮಾನ ಇಟ್ಟದ್ದು. ಹೆಸರು ಬದಲಿಸಿದರೆ ಕೇಡು ಎಂದು ದಂಡೆಯ ಜನ ಹೆದರಿಸಿದ್ದರಿಂದ ಹಾಗೇ ಉಳಿಯಿತು. ನೇತ್ರಾ ಮಾತ್ರ ಡೊರೀನವ್ವ ಎನ್ನುತ್ತಾಳೆ. ನಡೆಸುವುದನ್ನು ಕಲಿಯಲು ಹೋದ ಮೊದಲ ದಿನವೇ, ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಈ ಹೆಂಗಸು ದೋಣಿಯನ್ನು ತೊಟ್ಟಿಲು ತಂದು ನಿಲ್ಲಿಸಿದ ಹಾಗೆ ದಂಡೆಗೆ ತಂದು ನಿಲ್ಲಿಸಿದಳು. ರುದ್ರೇಶ ಕಲ್ಲಿನ ಗೋಡೆಗೆ ಗುದ್ದಿದ. ಅಂದಿನಿಂದ ದಂಡೆ ಹತ್ತಿರವಾದಾಗ ದೋಣಿಯ ಪಕ್ಕಕ್ಕೆ ರಬ್ಬರಿನ ಚೆಂಡುಗಳನ್ನು ಇಳಿಬಿಡುವುದು, ಹೊರಟಾಗ ಅವನ್ನು ಎಳೆದುಕೊಳ್ಳುವುದು, ಇಷ್ಟು ಅವನ ಕೆಲಸ.

ಎಂಜಿನ್ನು ಕೂತಿರುವುದು ದೋಣಿಯ ಹೊಟ್ಟೆಯಲ್ಲಿ, ಕಾಲಡಿಯ ಹಲಗೆಗಳ ಕೆಳಗೆ. ಹಿಂದಿನ ಅಂಚಿಗೆ ತೂಗುಹಾಕುವ ಮೋಟಾರಿನ ಹಾಗೆ ಕಳಚಿ ಕೈಯಲ್ಲಿ ಹಿಡಿದು ಒಯ್ಯುವಂಥದ್ದಲ್ಲ. ಆದ್ದರಿಂದ ತೀರ್ಮಾನ ದೊಡ್ಡದು. ಹಳೆಯ ಡೀಸೆಲ್ಲನ್ನೇ ಬಿಚ್ಚಿ ಭಾಗಗಳನ್ನು ಬದಲಿಸಿ ಎಬ್ಬಿಸುವುದೋ, ಬೇರೆ ಡೀಸೆಲ್ ಎಂಜಿನ್ನು ತಂದು ಕೂರಿಸುವುದೋ, ಇಲ್ಲ ಎಲ್ಲವನ್ನೂ ಕಿತ್ತು ಬ್ಯಾಟರಿಯ ಮೋಟಾರು ಹಾಕಿಸುವುದೋ. ದೋಣಿ ರಿಪೇರಿಯ ಗ್ಲೆನಿಸ್ ಎಂಬ ಹೆಂಗಸು ವಾರದ ನಡುವೆ ಬಂದು ಹಲಗೆ ತೆಗೆದು ನೋಡಿಹೋಗಿದ್ದಳು. ಇವತ್ತು ಮತ್ತೆ ಬರುತ್ತಾಳೆ, ಇವತ್ತೇ ಹೇಳಬೇಕು. ಚಳಿಗಾಲದ ಸರದಿ ತಪ್ಪಿದರೆ ಬರುವ ಬೇಸಿಗೆಯೆಲ್ಲ ಡೊರೀನವ್ವ ಗೂಟಕ್ಕೆ ಕಟ್ಟಿದ ಎಮ್ಮೆ. ಅಭಿಜಿತ್ ತನ್ನ ಟ್ಯಾಬನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬ್ಯಾಟರಿಯ ಮೋಟಾರಿನ ಚಿತ್ರಗಳನ್ನು ತೋರಿಸುತ್ತಿದ್ದ. “ಸೌಂಡೇ ಇರಲ್ಲ ನೇತ್ರಾ, ಹೊಗೆ ಇಲ್ಲ, ಮೇಂಟೆನೆನ್ಸ್ ಇಲ್ಲ. ನದೀಲಿ ಹಂಸ ಹೋದ ಹಾಗೆ ಹೋಗ್ತೀರಾ.” ನೇತ್ರಾ ಎಂದ. ಮೊದಲು ನೇತ್ರಾ ಅವ್ರೇ ಎನ್ನುತ್ತಿದ್ದ. ಆ ‘ಅವ್ರೇ’ ಯಾವ ವಾರ ಉದುರಿತೆಂದು ರುದ್ರೇಶನಿಗೆ ತಿಳಿಯಲಿಲ್ಲ. ತನಗೆ ಅಂಟಿಸಿದ ‘ಸಾರ್’ ಮಾತ್ರ ಹಾಗೇ ಇತ್ತು.

ಇವನನ್ನು ಕರೆತಂದವನೂ ತಾನೇ. ರೇನರ್ಸ್ ಲೇನಿನ ಹೋಟೆಲಿನಲ್ಲಿ ಕನ್ನಡದವರು ಕೂಡಿ ಊಟ ಮಾಡುವ ಒಂದು ಭಾನುವಾರ ರುದ್ರೇಶ ದೋಣಿಯ ವಿಷಯವನ್ನು ಸ್ವಲ್ಪ ಹೆಚ್ಚಾಗಿಯೇ ಕೊಚ್ಚಿಕೊಂಡಿದ್ದ. ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ಈ ಬೆಂಗಳೂರಿನವನು ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡಿದ್ದ. ಬನ್ನಿ ಒಮ್ಮೆ ಎಂದು ಕರೆದದ್ದೇ ತಪ್ಪಾಯಿತು. ಹೆಂಡತಿ ಸಿರಿಶಾಳಿಗೆ ಸ್ನಾನದ ಟಬ್ಬಿನ ನೀರು ನೋಡಿದರೂ ತಲೆ ತಿರುಗುತ್ತದಂತೆ, ಹಾಗಾಗಿ ಒಬ್ಬನೇ ಬರುತ್ತಾನೆ. ಬಂದವನು ಹಗ್ಗದ ಗಂಟುಗಳನ್ನು ವಿಡಿಯೋ ನೋಡಿ ಕಲಿತ. ಈಜು ಬರುವುದರಿಂದ ಲೈಫ್ ಜಾಕೆಟ್ಟನ್ನು ತೆರೆದು ಬಿಟ್ಟುಕೊಂಡು ಓಡಾಡಿದ. ಬೇಸಿಗೆಯಲ್ಲಿ ಯಾರೋ ತೆಗೆದ ಒಂದು ಫೋಟೋದಲ್ಲಿ ನೇತ್ರಾ ಗಾಳಿಗೆ ಕೂದಲು ಬಿಟ್ಟು ಸ್ಟಿಯರಿಂಗ್ ಹಿಡಿದಿದ್ದಾಳೆ, ಅಭಿಜಿತ್ ಮುಂದೆ ಏನೋ ಬೆರಳು ಮಾಡಿ ತೋರಿಸುತ್ತಿದ್ದಾನೆ, ಹಿಂದೆ ಮೂಲೆಯಲ್ಲಿ ರುದ್ರೇಶ ಅಂಚೆಗೆ ಹಾಕಲು ಕಟ್ಟಿಟ್ಟ ಪಾರ್ಸೆಲ್ಲಿನ ಹಾಗೆ ಕೂತಿದ್ದಾನೆ. ಸ್ಫೂರ್ತಿ ಅದನ್ನು ನೋಡಿ, “ಅಮ್ಮಾ, ಯು ಲುಕ್ ಸೋ ಹ್ಯಾಪಿ,” ಎಂದಿದ್ದಳು. ಅಪ್ಪನ ಬಗ್ಗೆ ಏನೂ ಹೇಳಿರಲಿಲ್ಲ. ಇವನ ಮುಂದೆ ನೇತ್ರಾಳ ಮಾತು ಕೂಡ ಬೇರೆ ಸೀರೆ ಉಟ್ಟುಕೊಳ್ಳುತ್ತದೆ. ಮನೆಯಲ್ಲಿ ‘ಮಾಡೂಣು’ ಎನ್ನುವವಳು ಇಲ್ಲಿ ‘ಮಾಡೋಣ’ ಎನ್ನುತ್ತಾಳೆ. ಹಾಗಾದರೆ ಏನಾದರೂ ಇದೆಯೇ? ಇಲ್ಲ. ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ರುದ್ರೇಶ ಅದನ್ನು ಎಷ್ಟೋ ಸಲ ಹಿಡಿದು ನೋಡಿದ್ದಾನೆ. ಏನೂ ಇಲ್ಲ. ಇದ್ದಿದ್ದರೆ ಕೂಗಾಡಬಹುದಿತ್ತು, ನಾಲ್ಕು ಜನರನ್ನು ಕೂರಿಸಿ ಪಂಚಾಯಿತಿ ಮಾಡಬಹುದಿತ್ತು. ಹೆಂಡತಿ ಖುಷಿಯಾಗಿದ್ದಾಳೆ ಎಂದು ಯಾರ ಹತ್ತಿರ ದೂರು ಹೇಳುವುದು?

“ಸಾರ್, ನಿಮ್ಮ ಅಭಿಪ್ರಾಯ ಏನು?” ಎಂದ ಅಭಿಜಿತ್. “ಹಳೇದನ್ನೇ ರಿಪೇರಿ ಮಾಡ್ಸೋಣ,” ಎಂದ ರುದ್ರೇಶ, ಟ್ಯಾಬಿನ ಕಡೆ ನೋಡದೆ. “ಛಲೋ ಎಂಜಿನ್ ಅದು.” ಹಳೆಯದೇ ಎದ್ದು ಮತ್ತೆ ಡುಗುಡುಗು ಎಂದರೆ ಆ ದಿನ ನಡೆದದ್ದು ನಡೆಯಲೇ ಇಲ್ಲ ಎಂದಾಗುತ್ತದೆ, ಅದು ಒಂದು. ಬ್ಯಾಟರಿಯದನ್ನು ಹಾಕಿಸಿದರೆ ಅದು ಇವನು ಹೇಳಿ ಹಾಕಿಸಿದ್ದಾಗುತ್ತದೆ, ಇವನು ಬರದ ದಿನವೂ ದೋಣಿಯ ಹೊಟ್ಟೆಯಲ್ಲಿ ಇವನೇ ಸದ್ದಿಲ್ಲದೆ ಕೂತಿರುತ್ತಾನೆ, ಅದು ಇನ್ನೊಂದು. ಎರಡನ್ನೂ ಹೇಳುವಂತಿರಲಿಲ್ಲ. ನೇತ್ರಾ ಗಂಡನನ್ನು ಒಮ್ಮೆ ನೋಡಿದಳು. ನೋಡಿ, ತೋಯ್ದ ಹಗ್ಗವನ್ನು ಹಿಂಡಿ ಸುರುಳಿ ಸುತ್ತತೊಡಗಿದಳು.

ಖಂಡೆ ಪೂಜೆಯ ದಿನ ಅಪ್ಪ ಹೊಲಿಗೆ ಯಂತ್ರದ ಚರ್ಮದ ಬೆಲ್ಟನ್ನು ಕಳಚಿಡುತ್ತಿದ್ದ. ದಸರೆಯ ಹಿಂದಿನ ದಿನ ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ, ಯಂತ್ರ ಎಲ್ಲಕ್ಕೂ ವಿಭೂತಿ ಬಳಿದು, ಚೆಂಡುಹೂವು ಇಟ್ಟು, ಕಾಯಿ ಒಡೆದ ಮೇಲೆ ಮರುದಿನ ಬನ್ನಿ ಹಂಚುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದವು, ಒಂದು ದಿನ ಮಲಗಲಿ. ಅರ್ಜೆಂಟಾಗಿ ಗುಂಡಿ ಹಚ್ಚಿಕೊಡಿ ಎಂದು ತಹಶೀಲ್ದಾರರ ಕಡೆಯ ಮನುಷ್ಯ ಬಂದರೂ ಅಪ್ಪ ಬರಿಗೈ ತೋರಿಸಿ ನಗುತ್ತಿದ್ದ. ಹುಡುಗ ರುದ್ರೇಶ ಒಮ್ಮೆ ಗಾಳಿಪಟದ ಹಾಳೆ ಕತ್ತರಿಸಲೆಂದು ಪೂಜೆಗಿಟ್ಟ ಕತ್ತರಿಗೆ ಕೈ ಹಾಕಿ ಬಿಗಿಯಾದ ಏಟು ತಿಂದಿದ್ದ. ಅದಕ್ಕೇ ಈ ದಸರೆಯ ಹಿಂದಿನ ದಿನ ಅವನು ಬೇಗ ಬಂದು, ಹಲಗೆ ಎತ್ತಿ, ಎಂಜಿನ್ನಿನ ಮೈ ಒರೆಸಿ, ವಿಭೂತಿ ಹಚ್ಚಿ, ಕಳಚಲು ಬೆಲ್ಟು ಕೈಗೆ ಸಿಗುವಂತಿಲ್ಲವೆಂದು, ತಳದಲ್ಲಿ ನದಿಯ ನೀರು ಒಳಬರುವ ವಾಲ್ವಿನ ಹಿಡಿಕೆಯನ್ನು ಅಡ್ಡ ತಿರುಗಿಸಿ ಮುಚ್ಚಿದ. ಆ ನೀರೇ ಎಂಜಿನ್ನನ್ನು ತಣ್ಣಗಿಡುವುದು. ಅದಿಲ್ಲದೆ ಎಂಜಿನ್ನು ಓಡುವಂತಿಲ್ಲ, ಅಂದರೆ ಎಂಜಿನ್ನು ಮಲಗಿತು. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ. ಹಲಗೆ ಮುಚ್ಚಿ, ಕೀಲಿಕೈಯನ್ನು ತಟ್ಟೆಯಲ್ಲಿ ಕುಂಕುಮದ ಪಕ್ಕ ಇಟ್ಟ. ನೇತ್ರಾ ಬಂದಳು, ಹಿಂದೆಯೇ ಅಭಿಜಿತ್ ನಿಂಬೆಹಣ್ಣಿನ ಚೀಲ ಹಿಡಿದು ಬಂದ. ಆರತಿಯಾಯಿತು. ಪ್ರಸಾದದ ಡಬ್ಬಿ ಕಾರಿನಲ್ಲೇ ಉಳಿದಿದೆ ಎಂದು ರುದ್ರೇಶ ದಂಡೆ ಹತ್ತಿ ಹೋದ.

ಬೆಂಗಳೂರಿನವರ ಆಯುಧ ಪೂಜೆ ಬೇರೆ ಥರ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅಲ್ಲಿ ಪೂಜೆ ಮುಗಿದೊಡನೆ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಹತ್ತಿಸಿ ಒಂದು ರೌಂಡು ಹೋಗಿಬರದಿದ್ದರೆ ಪೂಜೆ ಮಾಡಿದಂತೆಯೇ ಅಲ್ಲ. ಡಬ್ಬಿ ಹಿಡಿದು ಮರಳುವಾಗ ಡುಗುಡುಗು ಸದ್ದು ಕೇಳಿಸಿತು. ಡೊರೀನವ್ವ ಆಗಲೇ ದಂಡೆ ಬಿಟ್ಟಿದ್ದಳು. ಅಭಿಜಿತ್ ಮುಂದೆ ನಿಂತು ನಿಂಬೆಹಣ್ಣುಗಳನ್ನು ಒಂದೊಂದಾಗಿ ನೀರಿಗೆ ಎಸೆಯುತ್ತಿದ್ದ, ನೇತ್ರಾ ದೋಣಿಯನ್ನು ಅವುಗಳ ಮೇಲೆ ಹಾಯಿಸಲು ನೋಡುತ್ತಿದ್ದಳು, ಹಣ್ಣುಗಳು ಹಾಯಿಸಲು ಸಿಗದೆ ಪಕ್ಕಕ್ಕೆ ಜಾರಿ ಜಾರಿ ತೇಲುತ್ತಿದ್ದವು, ಅವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ತಲೆ ಹಿಂದೆ ಹಾಕಿ. ಆ ನಗೆಯನ್ನು ರುದ್ರೇಶ ಮದುವೆಯಾದ ಹೊಸತರಲ್ಲಿ ಕೇಳಿದ್ದ. ಅದು ಮುಗಿದುಹೋಯಿತು, ವಯಸ್ಸಾದಂತೆ ಎಲ್ಲರಿಗೂ ಮುಗಿಯುತ್ತದೆ ಎಂದುಕೊಂಡಿದ್ದ. ಮುಗಿದಿರಲಿಲ್ಲ. ಎಲ್ಲೋ ಇಟ್ಟಿದ್ದಳು. ಅವಳು ತಿರುಗಿ ಅವನನ್ನು ಕಂಡು, “ಈಗ ಬಂದ್ವಿ ರೀ!” ಎಂದು ಕೂಗಿ ಕೈ ಬೀಸಿದಳು. ದೋಣಿ ಇನ್ನೂ ಕೂಗಿನಳತೆಯಲ್ಲೇ ಇತ್ತು. ವಾಲ್ವು ನೆನಪಿರಲಿಲ್ಲವೇ? ಇತ್ತು. ಅಂಗೈಯಲ್ಲಿ ಆ ಹಿಡಿಕೆಯ ತಣ್ಣನೆ ಇನ್ನೂ ಇತ್ತು. ನಿಲ್ಲಿಸಿ ಎಂದು ಕೂಗಲೆಂದೇ ಅವನು ಕೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಅತ್ತ ಇತ್ತ ಆಡಿತು. ಹೋಗಿ ಬನ್ನಿ, ಹೋಗಿ ಬನ್ನಿ ಎಂದು ಬಸ್ ಸ್ಟ್ಯಾಂಡಿನಲ್ಲಿ ಬೀಗರನ್ನು ಕಳಿಸುವವನ ಹಾಗೆ. ಕೆಡಲಿ ಎಂದು ಅಂದುಕೊಂಡನೇ? ಅಷ್ಟು ಸ್ಪಷ್ಟವಾಗಿ ಏನನ್ನೂ ಅಂದುಕೊಂಡಿರಲಿಲ್ಲ. ನಗು ನಿಲ್ಲಲಿ ಎಂದಷ್ಟೇ ಅನಿಸಿತ್ತು.

ನಿಂತಿತು. ಬಿಸಿಯೇರಿದರೆ ಕೂಗಬೇಕಾದ ಗಂಟೆಯ ತಂತಿ ಹಿಂದಿನ ಯಜಮಾನನ ಕಾಲದಲ್ಲೇ ಕಿತ್ತುಹೋಗಿತ್ತು. ತಿರುವಿನಾಚೆ ಹೊಗೆ ಎದ್ದದ್ದು ದಂಡೆಯಿಂದಲೇ ಕಂಡಿತು. ಆಮೇಲೆ ಯಾರೋ ಪುಣ್ಯಾತ್ಮರ ದೋಣಿ ಇವರದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಎಂಜಿನ್ನು ಒಳಗೇ ಕಚ್ಚಿಕೊಂಡು ಕಲ್ಲಾಗಿತ್ತು. ಮರುದಿನ ಬನ್ನಿಗೆಂದು ಮತ್ತೆ ಸೇರಿದಾಗ ಹೇಗಾದರೂ ಹಲಗೆ ಎತ್ತಿ ಹಿಡಿಕೆಯನ್ನು ತಿರುಗಿಸಿಬಿಡಬೇಕೆಂದು ರುದ್ರೇಶ ಸಮಯ ನೋಡಿದ. ಅಭಿಜಿತ್ ಸರಿಯಾಗಿ ಆ ಹಲಗೆಯ ಮೇಲೆಯೇ ತಲೆಯ ಮೇಲೆ ಕೈ ಹೊತ್ತು ಕೂತಿದ್ದ, ಸಂಜೆಯವರೆಗೂ ಏಳಲಿಲ್ಲ. ಆಮೇಲೆ ಒಬ್ಬನೇ ದೋಣಿಗೆ ಬರಲು ನೆಪವೂ ಸಿಗಲಿಲ್ಲ. ಇಲ್ಲಿ ಬನ್ನಿ ಮರವೆಲ್ಲಿ? ಪ್ರತಿ ವರ್ಷದಂತೆ ನೇತ್ರಾ ಪಕ್ಕದ ಮನೆಯವರ ಬೇಲಿಯಿಂದ ಸಣ್ಣ ಎಲೆಗಳನ್ನು ಕೇಳಿ ತಂದಿದ್ದಳು. ಮೊದಲು ಗಂಡನಿಗೇ ಕೊಟ್ಟು, “ಬನ್ನಿ ತಗೊಂಡು ಬಂಗಾರಧಂಗ ಇರೂಣು,” ಎಂದು ಬಗ್ಗಿ ಕಾಲು ಮುಟ್ಟಿದಳು. ಮುಖ ನೋಡಲಿಲ್ಲ. ದೋಣಿಯ ದುಃಖ ಎಂದುಕೊಂಡ. ಅಂದಿನಿಂದ ಇಂದಿನವರೆಗೆ, ಔಷಧದಂಗಡಿಯ ಕೌಂಟರಿನಲ್ಲಿ ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಹೇಳುತ್ತ, ಅವನ ಕಣ್ಣೆದುರು ಅಡ್ಡ ತಿರುಗಿದ ಆ ಹಿಡಿಕೆಯೊಂದೇ ಇತ್ತು. ಗ್ಲೆನಿಸ್ ಬಂದು ನೋಡಿದ ದಿನ ಫೋನು ಬಡಿದಾಗಲೆಲ್ಲ ಬೆವರಿದ.

ಗ್ಲೆನಿಸ್ ಉಣ್ಣೆಯ ಟೊಪ್ಪಿಗೆ ಕಿವಿತನಕ ಎಳೆದುಕೊಂಡು ದಂಡೆಯಿಂದ ಇಳಿದು ಬಂದಳು. ಹಲಗೆ ತೆಗೆದಳು. ಮೂವರೂ ಬಗ್ಗಿ ನೋಡಿದರು. ಎಂಜಿನ್ನಿನ ನೆತ್ತಿಯ ಮೇಲೆ ರುದ್ರೇಶನ ವಿಭೂತಿಯ ಮೂರು ಗೆರೆಗಳು ಕರಕಲಾಗಿ ಇನ್ನೂ ಅಂಟಿಕೊಂಡಿದ್ದವು. ಹಳೆಯದನ್ನು ಎಬ್ಬಿಸಬಹುದು, ಆದರೆ ಅದು ಮೊದಲಿನ ಹಾಗೆ ಇರುತ್ತದೆಂದು ಮಾತು ಕೊಡಲಾರೆ ಎಂದಳು. ಬೇರೆ ಡೀಸೆಲ್ಲು ಬೇಕಾದರೆ ಕೂರಿಸುವ ಅಡಿಪಾಯ ಬದಲಿಸಬೇಕು. ಬ್ಯಾಟರಿಯದಕ್ಕೆ ಜಾಗ ಚೆನ್ನಾಗಿದೆ, ನೀವು ಹೋಗುವ ದೂರಕ್ಕೆ ಸಾಕು. ಅಭಿಜಿತ್, ಇದು ಕೆಟ್ಟದ್ದಾದರೂ ಯಾತಕ್ಕೆ, ನಾನು ಸ್ಟಾರ್ಟ್ ಮಾಡುವಾಗ ಏನು ತಪ್ಪು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅದೇ ನನಗೂ ವಿಚಿತ್ರ ಎಂದಳು ಗ್ಲೆನಿಸ್. ನೀರೆಳೆಯುವ ರಬ್ಬರಿನ ಚಕ್ರ ಸುಟ್ಟು ಚೂರಾಗಿದೆ, ಹನಿ ನೀರೂ ಕಾಣದೆ ಓಡಿದ ಹಾಗೆ. ಆದರೆ ಜಾಲರಿಯಲ್ಲಿ ಕಸವಿಲ್ಲ, ತಳದ ವಾಲ್ವು ಪೂರ್ತಿ ತೆರೆದೇ ಇತ್ತು. ರಬ್ಬರಿಗೆ ವಯಸ್ಸಾಗಿತ್ತು, ಅಷ್ಟೇ ಇರಬೇಕು. ಯಾರದ್ದೂ ತಪ್ಪಲ್ಲ ಮಗಾ ಎಂಬ ಅರ್ಥದಲ್ಲಿ ಅಭಿಜಿತ್‌ನ ಬೆನ್ನು ತಟ್ಟಿ, ಪಕ್ಕದ ದೋಣಿಯಲ್ಲಿ ಸ್ವಲ್ಪ ಕೆಲಸವಿದೆ, ಯೋಚಿಸಿ ಹೇಳಿ ಎಂದು ಏಣಿ ಹತ್ತಿದಳು.

ತೆರೆದೇ ಇತ್ತು. ರುದ್ರೇಶ ಹಿಡಿಕೆಯನ್ನು ನೋಡಿದ. ಪೈಪಿನ ನೇರಕ್ಕೆ, ಉದ್ದಕ್ಕೆ, ಪ್ರಾಮಾಣಿಕವಾಗಿ ನಿಂತಿತ್ತು. ಮೊದಲು ಬಂದದ್ದು ನಿರಾಳ, ದೊಡ್ಡ ಉಸಿರಿನಷ್ಟು ನಿರಾಳ. ಅದರ ಬೆನ್ನಿಗೇ ಅನುಮಾನ ಬಂತು. ತಾನು ಮುಚ್ಚಿದ್ದು ನಿಜ. ಹಾಗಾದರೆ ತೆರೆದವರು ಯಾರು? ಇವನೋ? ಇವನಾಗಿದ್ದರೆ ಇಷ್ಟು ದಿನ ‘ತಪ್ಪು ನಂದೇ’ ಎಂದು ತನ್ನೆದುರು ನಾಟಕ ಆಡುತ್ತಿದ್ದಾನೆ, ತನ್ನನ್ನು ಕಾಪಾಡುತ್ತಿದ್ದಾನೆ. ಇವನಿಂದ ಕಾಪಾಡಿಸಿಕೊಳ್ಳುವುದಕ್ಕಿಂತ ಈ ನೀರಿಗೆ ಬೀಳುವುದು ವಾಸಿ. ನೇತ್ರಾಳೋ? ಇಲ್ಲ, ಇಬ್ಬರೂ ಕೂಡಿಯೋ? ಹೊಗೆಯ ನಡುವೆ ಇಬ್ಬರೂ ಬಗ್ಗಿ, ತಲೆಗೆ ತಲೆ ತಾಗಿಸಿ, ಹಿಡಿಕೆ ನೋಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ, ಹೇಳುವುದು ಬೇಡ ಪಾಪ ಎಂದುಕೊಂಡಿರಬಹುದು. ಪಾಪ ಎಂಬ ಆ ಒಂದು ಮಾತು ಅವನೇ ಕಲ್ಪಿಸಿಕೊಂಡದ್ದು, ಆದರೂ ಕೆನ್ನೆಗೆ ಹೊಡೆದಂತಾಯಿತು. ಅವರಿಬ್ಬರೂ ಕೈ ಕೈ ಹಿಡಿದದ್ದನ್ನು ಕಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತನ್ನ ತಪ್ಪನ್ನು ಇಬ್ಬರೂ ಹಂಚಿಕೊಂಡು ತಿಂದಿದ್ದಾರೆ. ಅಭಿಜಿತ್‌ನ ಫೋನು ಬಡಿಯಿತು. “ಸಿರಿಶಾ, ಎರಡ್ನಿಮಿಷ,” ಎನ್ನುತ್ತ ಅವನು ದಂಡೆ ಹತ್ತಿ ಗಿಳಿಗಳ ಗಲಾಟೆಯಿಂದ ದೂರಕ್ಕೆ ಹೋದ. ದೋಣಿ ಸ್ವಲ್ಪ ಹಗುರಾಗಿ ಅಲುಗಾಡಿತು.

ನೇತ್ರಾ ಒಳಗಿನ ಸಣ್ಣ ಮೇಜಿನ ಮೇಲೆ ಫ್ಲಾಸ್ಕು ತೆರೆದಳು.

“ಸಕ್ಕರಿ ಹಾಕಲೇನ್ರಿ?”

“ನೇತ್ರಾ.”

“ಹೇಳ್ರಿ.”

“ವಾಲ್ವ್ ತೆರದಿತ್ತು ಅಂದ್ಲು ಅಕಿ.”

“ಹೂಂ, ಅಂದ್ಲು.” ಚಹಾ ಬಗ್ಗಿಸಿ, ಚೆಲ್ಲಿದ್ದನ್ನು ಸೆರಗಿನಿಂದ ಒರೆಸಲು ಹೋಗಿ, ಜಾಕೆಟ್ಟು ಹಾಕಿದ್ದು ನೆನಪಾಗಿ ಅಂಗೈಯಿಂದ ಒರೆಸಿದಳು. “ಹೊಗಿ ಬಂದ ಕೂಡ್ಲೆ ಹಲಗಿ ತಗದೆ. ಹಿಡಿಕಿ ಅಡ್ಡ ಇತ್ತು. ಉದ್ದ ತಿರುವಿದೆ. ಆದರ ಅಷ್ಟೊತ್ತಿಗೆ ಎಲ್ಲಾ ಮುಗದಿತ್ತು.”

“ಅಂವಗ ಗೊತ್ತೈತೇನು?”

ಅದೇ ಮೊದಲು ಬಾಯಿಗೆ ಬಂತು. ನೇತ್ರಾ ಲೋಟವನ್ನು ಅವನ ಮುಂದೆ ಸರಿಸುತ್ತಿದ್ದವಳು ತಡೆದಳು. “ಇದನ್ನ ಕೇಳ್ತೀರಲ್ಲ ಮೊದಲ,” ಎಂದಳು. “ಇಲ್ಲ. ಅಂವ ಮುಂದ ನಿಂತು ಯಾರರ ಬರ್ರಿ ಅಂತ ಒದರಾಕತ್ತಿದ್ದ. ನಾ ಯಾರಿಗೂ ಹೇಳಿಲ್ಲ.”

“ಪೂಜಿಗೆ ಅಂತ ಮುಚ್ಚಿದ್ದೆ. ಅಪ್ಪ ಬೆಲ್ಟ್ ತಗದಿಡ್ತಿದ್ನಲ್ಲ, ಹಂಗ. ನಿನಗ ಹೇಳೂದು ಮರತುಬಿಟ್ಟೆ.”

“ನನಗ ಗೊತ್ತೈತ್ರಿ. ಮುಚ್ಚಿದ್ದು ಪೂಜಿಗೇ ಅಂತ ಗೊತ್ತೈತಿ.”

ರುದ್ರೇಶ ಲೋಟವನ್ನು ಕೈಗೆತ್ತಿಕೊಂಡ. ಗೊತ್ತಿದೆ, ಆದರೂ ಬೈದಿಲ್ಲ. ಇಷ್ಟು ದಿನ ಆ ಅಭಿಜಿತ್‌ನ ಮುಂದೆ, ಮಗಳ ಮುಂದೆ, ಇವತ್ತು ಗ್ಲೆನಿಸ್‌ಳ ಮುಂದೆ ಕೂಡ ಗಂಡನ ಮಾನ ಉಳಿಸಿದ್ದಾಳೆ. ಅವಳಿಗೆ ಗೊತ್ತು, ತನಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಈ ದೋಣಿಗೆ ಅಭಿಜಿತ್ ಕಾಲಿಟ್ಟ ಮೇಲೆ ಮೊದಲ ಸಲ ಅವನಿಗೆ ಪಾಲಿಲ್ಲದ ಒಂದು ಸಂಗತಿ ಗಂಡಹೆಂಡಿರ ನಡುವೆ ಇತ್ತು. ಅದು ತಪ್ಪಾದರೇನು, ತಮ್ಮದು. ರುದ್ರೇಶನಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು. ಚಹಾಕ್ಕೆ ಸಕ್ಕರೆ ಹಿತವಾಗಿತ್ತು. ಸುಟ್ಟ ಎಣ್ಣೆಯ ವಾಸನೆ ಕೂಡ ಅಷ್ಟು ಕೆಟ್ಟದ್ದೆನಿಸಲಿಲ್ಲ.

“ಬ್ಯಾಟರಿದು ಹಾಕಸೂಣ್ರಿ,” ಎಂದಳು ನೇತ್ರಾ.

“ಅಂವ ಹೇಳಿದ್ದಕ್ಕ?”

“ಅಲ್ಲ. ಅದು ಗಾಳಿಗೇ ತಣ್ಣಗಾಗ್ತೈತಂತ, ತಳದಾಗ ನೀರಿನ ವಾಲ್ವ್ ಇರೂದಿಲ್ಲಂತ. ಯಾರೂ ಮುಚ್ಚೂವಂಥಾದ್ದು ಅದರಾಗ ಏನೂ ಇಲ್ಲ.” ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. “ನನಗ ಇದನ್ನ ನಡಸೂದು ಬೇಕಾಗೈತ್ರಿ. ನನಗ ಬ್ಯಾರೆ ಏನೂ ಬ್ಯಾಡ. ಇಷ್ಟು ಬೇಕು.”

ಮರೆವಿನ ಗಂಡನಿಗೆ ಮತ್ತೆ ಮರೆಯುವ ಅವಕಾಶ ಇಲ್ಲದಿರಲಿ ಎನ್ನುತ್ತಿದ್ದಾಳೆ ಎಂದು ರುದ್ರೇಶ ಅರ್ಥ ಮಾಡಿಕೊಂಡ. ಅಕ್ಕರೆಯೇ ಇರಬೇಕು ಎಂದುಕೊಂಡ. ಏಣಿಯ ಮೇಲೆ ಬೂಟಿನ ಸದ್ದಾಯಿತು, ಅಭಿಜಿತ್ ಇಳಿದು ಬಂದು ಇಬ್ಬರ ಮುಖವನ್ನೂ ನೋಡಿದ. “ಏನು ತೀರ್ಮಾನ ಮಾಡಿದ್ರಿ?”

“ಅವ್ರನ್ನೇ ಕೇಳಿ,” ಎಂದಳು ನೇತ್ರಾ.

“ಬ್ಯಾಟರಿದೇ ಹಾಕ್ಸೋಣ,” ಎಂದ ರುದ್ರೇಶ. ತನ್ನ ದನಿಯೇ ತನಗೆ ದೊಡ್ಡದಾಗಿ ಕೇಳಿಸಿತು. “ನೀವು ಹೇಳಿದ್ದೇ ಸರಿ.”

ಅಭಿಜಿತ್‌ನ ಕಣ್ಣುಗಳು ತುಂಬಿದವು. ಬಂದು ರುದ್ರೇಶನ ಎರಡೂ ಕೈ ಹಿಡಿದುಕೊಂಡ. “ಸಾರ್, ನಿಜ ಹೇಳ್ತೀನಿ, ಅವತ್ತಿಂದ ನಿದ್ದೆ ಇಲ್ಲ ನಂಗೆ. ನೀವು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಪೂಜೆಗಿಟ್ಟ ಕೀ ತಗೊಂಡಿದ್ದು ನಾನು. ಕ್ಷಮಿಸಿದೀರಿ ಅನ್ಕೊಳ್ಳಲಾ?” ಆ ಕೈಗಳು ಬೆಚ್ಚಗಿದ್ದವು, ಅಂಗೈಯಲ್ಲಿ ಹಗ್ಗ ಉಜ್ಜಿದ ಗುರುತುಗಳಿದ್ದವು. ಇಲ್ಲ, ತಪ್ಪು ನಂದು ಎಂದು ಹೇಳಲು ಇದಕ್ಕಿಂತ ಸರಿಯಾದ ಗಳಿಗೆ ಸಿಗಲಾರದು. ಹೇಳಿದರೆ ಗಂಡಹೆಂಡಿರ ನಡುವೆ ಈಗಷ್ಟೇ ಹುಟ್ಟಿದ ಆ ಗುಟ್ಟಿನಲ್ಲಿ ಇವನಿಗೂ ಪಾಲು ಕೊಟ್ಟಂತಾಗುತ್ತದೆ. “ಏ, ಬಿಡ್ರಿ,” ಎಂದ ರುದ್ರೇಶ. “ಆಗಿದ್ದು ಆಗಿಹೋಯ್ತು. ನಾನು ಯಾವಾಗ್ಲೋ ಕ್ಷಮಿಸಿದೀನಿ.” ಹೇಳುತ್ತಿರುವಾಗ ಒಂದು ಬಗೆಯ ದೊಡ್ಡಸ್ತಿಕೆ ಬೆನ್ನನ್ನು ನೆಟ್ಟಗೆ ಮಾಡಿತು. ಇವನಿಗಿಂತ ತಾನು ಮೇಲೆ ನಿಂತದ್ದು ಇದೇ ಮೊದಲು. ನೇತ್ರಾ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡುತ್ತಿದ್ದಳು.

ಗ್ಲೆನಿಸ್‌ಗೆ ಹೇಳಿದ್ದಾಯಿತು, ಅವಳು ಹೆಬ್ಬೆರಳೆತ್ತಿ ಹೋದದ್ದೂ ಆಯಿತು. ಅಭಿಜಿತ್ ಹೊರಟ, ಸಿರಿಶಾ ಕಾಯುತ್ತಿದ್ದಾಳಂತೆ. ಇಷ್ಟು ದಿನದ ಭಾರ ಇಳಿದವನ ಹಾಗೆ ಹುಲ್ಲಿನ ದಾರಿಯಲ್ಲಿ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ನಡೆದ. ದೋಣಿಯ ಹಿಂಬದಿಯಲ್ಲಿ ಗಂಡಹೆಂಡಿರು ಇಬ್ಬರೇ ಉಳಿದರು. ಬಿಸಿಲು ನೀರಿನ ಮೇಲೆ ಸಣ್ಣಗೆ ಬಿದ್ದಿತ್ತು, ಚುರುಮುರಿಯ ಡಬ್ಬಿ ಬೆಂಚಿನ ಮೇಲಿತ್ತು. ತಾನು ಹಿಂದೆ ಕಲ್ಪಿಸಿಕೊಂಡಿದ್ದ ಚಿತ್ರ ಇದೇ ಅಲ್ಲವೇ ಎಂದು ರುದ್ರೇಶನಿಗೆ ಅನಿಸಿತು. ಲೈಫ್ ಜಾಕೆಟ್ಟಿನ ಜಿಪ್ಪನ್ನು ಒಂದಿಷ್ಟು ಕೆಳಗೆಳೆದ. ದೂರದಲ್ಲಿ, ಗೇಟಿನ ಹತ್ತಿರ, ಅಭಿಜಿತ್ ತಿರುಗಿ ನಿಂತು ಇವರತ್ತ ಕೈ ಬೀಸಿದ.

ನೇತ್ರಾ ಹಗ್ಗ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಕೈ ಬೀಸ್ರಿ,” ಎಂದಳು. “ನಿಮಗ ಅದು ಛಲೋ ಬರ್ತೈತಿ.”

ಹಗ್ಗದ ಕೊನೆಯ ಸುತ್ತು ಮುಗಿಸಿ, ಅದನ್ನು ಗೂಟಕ್ಕೆ ತೂಗುಹಾಕಿ, ಅವಳು ಒಳಗೆ ಹೋದಳು. ಗೇಟಿನ ಹತ್ತಿರ ಅಭಿಜಿತ್ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ.